ಫೀಡ್‌ಬ್ಯಾಕ್ ಫಾರ್ಮೂ ಮಾಸ್ತಿಯವರ ಪುಸ್ತಕವೂ

ಮೊನ್ನೆ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಡೊಂಬಿವಲಿಯಿಂದ ಅಕ್ಕನ ಮಗಳು ಬಂದಿದ್ದಳು. ಇಲ್ಲಿನ ಉಪನಗರದ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದಾಳೆ. ಎರಡು ವಾರದ ರಿಫ್ರೆಶರ್ ಕೋರ್ಸ್ ಮುಗಿಸಿದ್ದಳು. ಕಾಲೇಜು ಲೈಬ್ರರಿಯನ್ನರ ಬಡ್ತಿಗೆ ಯುಜಿಸಿ ನಿಯಮದ ಪ್ರಕಾರ ಇಂಥ ಕೋರ್ಸುಗಳು ಬೇಕಾಗುತ್ತವೆ.

"ಹೇಗಿತ್ತು?" ಅಂತ ಕೇಳಿದೆ.

"ಫಾರ್ಮಿನಲ್ಲಿ ಬರೆದದ್ದು ಹೇಳಲಾ ಮಾವ, ನಿಜ ಹೇಳಲಾ?" ಅಂದಳು.

ನನಗೆ ನಗು ಬಂತು. ಯಾಕೆಂದರೆ ಈ ಫಾರ್ಮಿನ ವಿಷಯದಲ್ಲಿ ನಾನೂ ಪಳಗಿದವನೇ. ಬ್ಯಾಂಕಿನ ಟ್ರೈನಿಂಗ್ ಸೆಂಟರುಗಳಲ್ಲಿ ಎಷ್ಟು ಫೀಡ್‌ಬ್ಯಾಕ್ ಫಾರ್ಮ್ ತುಂಬಿದ್ದೇನೋ ಲೆಕ್ಕವಿಲ್ಲ. ಕೊನೆಯ ದಿನ ಮಧ್ಯಾಹ್ನ ಕೈಗೆ ಬರುತ್ತದೆ. ಆ ಹೊತ್ತಿಗೆ ಅರ್ಧ ಮನಸ್ಸು ಲೋಕಲ್ ಟ್ರೈನಿನಲ್ಲಿ. ಪಕ್ಕದವನು 'ಎಕ್ಸಲೆಂಟ್'ಗೆ ಟಿಕ್ ಹಾಕುವುದನ್ನು ನೋಡಿ ನಾವೂ ಹಾಕುತ್ತೇವೆ. ಫಾರ್ಮ್ ಕೊಟ್ಟವರಿಗೆ ಮಾತ್ರ ಸರ್ಟಿಫಿಕೇಟ್! ಸಾಲ ಮಂಜೂರಾಗುವ ಮೊದಲೇ ಗ್ರಾಹಕನ ಹತ್ತಿರ 'ನಮ್ಮ ಸೇವೆ ಹೇಗಿದೆ?' ಅಂತ ಬರೆಸಿಕೊಂಡ ಹಾಗೆ.

ನನ್ನ ಅನುಭವದಲ್ಲಿ ಇಡೀ ಫಾರ್ಮಿನಲ್ಲಿ ಜನ ಪ್ರಾಮಾಣಿಕವಾಗಿ ಬರೆಯುವುದು ಊಟದ ಬಗ್ಗೆ ಮಾತ್ರ.

ಇರಲಿ, ಅವಳ ಕಥೆಗೆ ಬರುತ್ತೇನೆ. ಇದರಲ್ಲಿ ನನ್ನ ಪಾಲೂ ಇದೆ. ಹೋದ ವರ್ಷ ನಮ್ಮ ಬಿಲ್ಡಿಂಗಿನ ಹಿರಿಯ ಕನ್ನಡಿಗರೊಬ್ಬರು ತೀರಿಕೊಂಡರು. ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಮನೆಗಳಲ್ಲೂ ಅದೇ ಕಥೆ ತಾನೇ? ಕಾರಂತ, ಮಾಸ್ತಿ, ಅನಕೃ, ಚಿತ್ತಾಲ ಎಲ್ಲರೂ ಎರಡು ಗೋಣಿಚೀಲದಲ್ಲಿ ರದ್ದಿವಾಲಾನಿಗಾಗಿ ಕಾಯುತ್ತಿದ್ದರು. ನಾನು ಅಡ್ಡ ಬಿದ್ದು ಇವಳ ಕಾಲೇಜಿಗೆ ಕೊಡಿಸಿದೆ.

"ಆ ಪುಸ್ತಕಗಳು ಏನಾದವು?" ಅಂತ ಕೇಳಿದೆ.

"ಬೀರುವಿನಲ್ಲೇ ಇವೆ ಮಾವ, ಕಂಪ್ಯೂಟರಿಗೆ ಏರಿಸಲು ಆಗಿಲ್ಲ."

ಸಾಫ್ಟ್‌ವೇರ್ ಇಲ್ಲವೆಂದಲ್ಲ. ಅವರಲ್ಲಿ ಕೋಹಾ ಇದೆ. 1999ರಲ್ಲಿ ನ್ಯೂಜಿಲ್ಯಾಂಡಿನಲ್ಲಿ ಹುಟ್ಟಿದ ಉಚಿತ ತಂತ್ರಾಂಶ, ಯೂನಿಕೋಡ್ ಕನ್ನಡವೂ ಅದರಲ್ಲಿ ಬರುತ್ತದೆ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಅಂತ ನಂಬರೂ ಇದೆ. ತೊಡಕು ಹೆಸರಿನದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅನ್ನುವಲ್ಲಿ ಮಾಸ್ತಿ ಊರು. 'ಲಾಸ್ಟ್ ನೇಮ್' ಕೇಳುವ ಖಾನೆಯಲ್ಲಿ ಅಯ್ಯಂಗಾರ್ ಹಾಕಿದರೆ ಮಾಸ್ತಿಯವರನ್ನು ಹುಡುಕುವವನಿಗೆ ಮಾಸ್ತಿ ಸಿಗುವುದಿಲ್ಲ. ಕಾರಂತರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು 'ಟಿ' ಹಾಕಿ ಬರೆದರೆ ಇನ್ನೊಬ್ಬರು 'ಟಿಎಚ್' ಹಾಕುತ್ತಾರೆ, ಒಬ್ಬರೇ ಇಬ್ಬರಾಗುತ್ತಾರೆ. ಪಾನ್ ಕಾರ್ಡಿನ ಶೆಟ್ಟಿಗೂ ಆಧಾರಿನ ಶೆಟ್ಟಿಗೂ ಹೊಂದದೆ ಕೌಂಟರಿನಲ್ಲಿ ಜಗಳವಾಗುವುದನ್ನು ದಿನಾ ನೋಡುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ತಮಾಷೆಯೆಂದರೆ, ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್ ಅವರಿಗೂ ಅಡ್ಡಹೆಸರಿಲ್ಲ! ಶಿಯಾಳಿ ಊರು, ರಾಮಾಮೃತ ಅಪ್ಪ, ರಂಗನಾಥನ್ ಅವರೇ.

ಕೋರ್ಸಿನಲ್ಲಿ ಇದಕ್ಕೊಂದು ದಾರಿ ಸಿಕ್ಕೀತೆಂದು ಇವಳು ಹೋಗಿದ್ದಳು. ಅಲ್ಲಿ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಮೇಲೆ ಸ್ಲೈಡುಗಳೋ ಸ್ಲೈಡುಗಳು. ಕೈಯೆತ್ತಿ ಕೇಳಿದಾಗ "ಅದು ನಿಮ್ಮ ಲೋಕಲ್ ಸಮಸ್ಯೆ" ಎಂಬ ಉತ್ತರ. ಪಕ್ಕದಲ್ಲಿದ್ದ ಗುಜರಾತಿ, ಉರ್ದು ಪುಸ್ತಕಗಳ ಲೈಬ್ರರಿಯನ್ನರಿಗೂ ಇಂಥದೇ ತೊಂದರೆಗಳಿದ್ದವಂತೆ. ಮುಂಬಯಿಯಲ್ಲಿ ಇದು ಲೋಕಲ್ ಅಲ್ಲದೆ ಇನ್ನೇನಾಗಬೇಕು, ನೀವೇ ಹೇಳಿ.

ಕೊನೆಯ ದಿನ ಫಾರ್ಮಿನ 'ಇತರ ಸಲಹೆ' ಜಾಗದಲ್ಲಿ ಇವಳು ಇದನ್ನೇ ಬರೆದಳು. ನಡೆಸುವವರು ಬಹಳ ವಿನಯದಿಂದ, "ಮೇಡಂ, ಸ್ವಲ್ಪ ಪಾಸಿಟಿವ್ ಆಗಿ ಬರೆಯಿರಿ, ರಿಪೋರ್ಟ್ ಮೇಲೆ ಹೋಗುತ್ತದೆ" ಅಂದರು. ಇವಳು ಹೊಡೆದುಹಾಕಿ 'ಎಕ್ಸಲೆಂಟ್' ಅಂತ ಬರೆದು ಬಂದಳು.

ನನಗೆ ಬೇಸರವಾದದ್ದು ಅವರ ಮೇಲಲ್ಲ, ಇವಳ ಮೇಲೆ. ಅವರಿಗೆ ರಿಪೋರ್ಟ್ ಕಳಿಸುವ ಗಡಿಬಿಡಿ. ಆದರೆ ಮುಂದಿನ ಬ್ಯಾಚಿಗೂ ಅದೇ ಸ್ಲೈಡು ಬರುವುದು ನಮ್ಮ ಈ ಸುಳ್ಳು ಟಿಕ್‌ಗಳಿಂದಲೇ ಅಲ್ಲವೇ? ಹೀಗೆ ಬಯ್ಯುವ ಯೋಗ್ಯತೆ ನನಗೂ ಇಲ್ಲ, ಅದು ಬೇರೆ ಮಾತು.

ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ವಿದ್ವಾಂಸ 1959ರಷ್ಟು ಹಿಂದೆಯೇ ತರಬೇತಿಯನ್ನು ಅಳೆಯಲು ನಾಲ್ಕು ಹಂತ ಹೇಳಿದ್ದ. ಬಂದವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಅದರಿಂದ ಫಲ ಸಿಕ್ಕಿತೇ ಅಂತ. ನಮ್ಮ ಫಾರ್ಮುಗಳು ಮೊದಲನೆಯ ಮೆಟ್ಟಿಲಲ್ಲೇ ಕೂತುಬಿಟ್ಟಿವೆ. ನನ್ನ ಕೇಳಿದರೆ ಕೊನೆಯ ದಿನದ ಫಾರ್ಮ್ ಬೇಡವೇ ಬೇಡ. ಸರ್ಟಿಫಿಕೇಟ್ ಕೊಟ್ಟು ಕಳಿಸಿ, ಆರು ತಿಂಗಳು ಬಿಟ್ಟು ಒಂದೇ ಪ್ರಶ್ನೆ ಕೇಳಲಿ: ಇಲ್ಲಿಂದ ಹೋದ ಮೇಲೆ ನಿಮ್ಮ ಲೈಬ್ರರಿಯಲ್ಲಿ ಏನು ಬದಲಾಯಿತು? ಉತ್ತರಿಸುವವರ ಹೆಸರು ಬೇಡ. ಸಾಧ್ಯವಾದರೆ ಓದುಗರನ್ನೂ ಕೇಳಲಿ. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳು ಬಳಕೆಗಾಗಿ ಅನ್ನುವುದು. ಬೀರುವಿನಲ್ಲಿರುವ ಎರಡು ಗೋಣಿಚೀಲ ಕನ್ನಡ ಪುಸ್ತಕ ಬಳಕೆಗೆ ಬಂತೋ ಇಲ್ಲವೋ ಎಂಬುದು ಯಾವ 'ಎಕ್ಸಲೆಂಟ್'ನಲ್ಲೂ ಗೊತ್ತಾಗುವುದಿಲ್ಲ.

ಊಟವಾದ ಮೇಲೆ ಒಂದು ಬಿಳಿ ಹಾಳೆ ಕೊಟ್ಟು "ಹೊಡೆದುಹಾಕಿದ್ದನ್ನು ಈಗ ಬರಿ ಮಾರಾಯ್ತಿ" ಅಂದೆ. ಸರ್ಟಿಫಿಕೇಟ್ ಹೇಗೂ ಕೈಗೆ ಬಂದಾಗಿದೆ! ಒಂದೂವರೆ ಪುಟ ಬರೆದಳು, ಸೋಮವಾರ ಕೋರ್ಸಿನವರಿಗೆ ಕಳಿಸುತ್ತಾಳಂತೆ. ನಾಲ್ಕನೇ ಶನಿವಾರ ನಾನೂ ಅವಳ ಕಾಲೇಜಿಗೆ ಹೋಗಿ ಪುಸ್ತಕದ ಪಟ್ಟಿ ಟೈಪ್ ಮಾಡಿಕೊಡುವುದೆಂದು ಮಾತಾಗಿದೆ. ಮಾಸ್ತಿಯವರನ್ನು ಯಾವ ಖಾನೆಗೆ ಹಾಕುವುದೆಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.