ಪ್ರತಿಗಳು ಎಷ್ಟು ಎಂಬುದಲ್ಲ, ಎಲ್ಲಿ ಎಂಬುದು ಪ್ರಶ್ನೆ

‘ಮೂರು ಪ್ರತಿಗಳಿವೆ, ಭಯ ಬೇಡ’ ಎಂಬುದು ಗಣಕ ವ್ಯವಸ್ಥೆಗಳನ್ನು ನಡೆಸುವವರು ಜನರಿಗೆ ನೀಡುವ ಸಿದ್ಧ ಅಭಯ. ಪಹಣಿ, ಮಳೆಯ ಲೆಕ್ಕ, ತಳಿಗಳ ದಾಖಲೆ ಎಲ್ಲವೂ ಕಾಗದವನ್ನು ಬಿಟ್ಟು ಗಣಕಕ್ಕೆ ಸಾಗಿರುವಾಗ ಈ ಅಭಯವನ್ನು ಪರೀಕ್ಷಿಸದೆ ಒಪ್ಪಲಾಗದು. ಒಂದೇ ಸೂರಿನಡಿಯ ಮೂರು ಪ್ರತಿಗಳನ್ನು ಬೆಂಕಿ ಬೇರೆ ಬೇರೆಯೆಂದು ಎಣಿಸುವುದಿಲ್ಲ.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. 600ಕ್ಕೂ ಹೆಚ್ಚು ಸರ್ಕಾರಿ ಗಣಕ ವ್ಯವಸ್ಥೆಗಳು ಸ್ತಬ್ಧವಾದವು. ನೌಕರರು ಕಡತಗಳನ್ನಿಡುತ್ತಿದ್ದ ‘ಜಿ-ಡ್ರೈವ್’ನ 858 ಟೆರಾಬೈಟ್ ದತ್ತಾಂಶ ನಾಶವಾಯಿತು, ಗಾತ್ರ ದೊಡ್ಡದೆಂಬ ಕಾರಣಕ್ಕೆ ಅದರ ಪ್ರತಿಯನ್ನು ಹೊರಗೆಲ್ಲೂ ಇರಿಸಿರಲಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಸಂಸ್ಥೆಯ ಐದು ಅಂತಸ್ತಿನ ಕೇಂದ್ರ ಉರಿದಾಗ ಕೆಲವು ಗ್ರಾಹಕರ ಮೂಲವೂ ಪ್ರತಿಯೂ ಒಟ್ಟಿಗೇ ಬೂದಿಯಾದವು.

ಇದಕ್ಕೆ ಪರಿಹಾರ ತಂತ್ರಜ್ಞಾನದಲ್ಲಿ ಇಲ್ಲವೆಂದಲ್ಲ. ಕಸ್ಸಾಂಡ್ರದಂತಹ ದತ್ತಸಂಚಯ ತಂತ್ರಾಂಶಕ್ಕೆ ಯಾವ ಸರ್ವರ್ ಯಾವ ಕೇಂದ್ರದ ಯಾವ ಸಾಲಿನಲ್ಲಿದೆಯೆಂದು ತಿಳಿಸಿದರೆ, ಪ್ರತಿಗಳನ್ನು ಅದು ಬೇರೆ ಬೇರೆ ಕಡೆ ಹಂಚುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಕೇಂದ್ರದ ಹೆಸರು ಮಾತ್ರ. ಎರಡು ಕೇಂದ್ರಗಳೂ ಒಂದೇ ಹೊಳೆಯ ಪ್ರವಾಹಕ್ಕೆ, ಒಂದೇ ವಿದ್ಯುತ್ ಮಾರ್ಗಕ್ಕೆ ಸಿಕ್ಕಿವೆಯೇ ಎಂಬುದನ್ನು ಅರಿಯಬೇಕಾದವರು ಮನುಷ್ಯರು. ನಮ್ಮ ದೇಶದ ದತ್ತಾಂಶ ಕೇಂದ್ರಗಳ ದೊಡ್ಡ ಪಾಲು ಮುಂಬಯಿ, ಚೆನ್ನೈಗಳಲ್ಲಿದೆ. ಎರಡೂ ಕಡಲ ಅಂಚಿನ ನಗರಗಳು. ಮೊದಲನೆಯದು 2005ರ ಜುಲೈನಲ್ಲಿ, ಎರಡನೆಯದು 2015ರ ಡಿಸೆಂಬರ್‌ನಲ್ಲಿ ಮುಳುಗಿದ್ದನ್ನು ಮರೆಯಲಾದೀತೆ?

ದೂರವಿಟ್ಟರೆ ವೇಗ ಕುಗ್ಗುತ್ತದೆಂಬ ಆಕ್ಷೇಪವಿದೆ. ನಿಜ, ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. 1000 ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕು. ಪಹಣಿಯ ತಿದ್ದುಪಡಿಗೆ ತಿಂಗಳುಗಟ್ಟಲೆ ಕಾಯುವ ರೈತನಿಗೆ ಇದು ಯಾವ ಲೆಕ್ಕ? ಪ್ರತಿ ಹೆಚ್ಚಿದಷ್ಟೂ ವಿದ್ಯುತ್ತು, ನೀರು ವ್ಯಯವಾಗುತ್ತವೆ ಎಂಬ ಆಕ್ಷೇಪ ಇನ್ನೂ ಗಂಭೀರವಾದುದು. ಆದ್ದರಿಂದಲೇ ಎಲ್ಲವನ್ನೂ ಎಲ್ಲೆಡೆ ಇಡಬೇಕೆಂದು ನಾವು ಕೇಳುತ್ತಿಲ್ಲ. ಕಳೆದುಹೋದರೆ ಮರಳಿ ಪಡೆಯಲಾಗದ ದಾಖಲೆಗಳನ್ನು ಮೊದಲು ಆರಿಸಿ ಎನ್ನುತ್ತಿದ್ದೇವೆ.

ಬೀಜ ಸಂರಕ್ಷಣೆಯಲ್ಲಿ ಈ ವಿವೇಕ ಹೊಸದಲ್ಲ. ಸಿರಿಯದ ಅಲೆಪ್ಪೊ ಬಳಿಯಿದ್ದ ಇಕಾರ್ಡಾ ಬೀಜ ಭಂಡಾರ ಯುದ್ಧದಿಂದ ಕೈತಪ್ಪಿದಾಗ, ಮೊದಲೇ ನಾರ್ವೆಯ ಸ್ವಾಲ್ಬಾರ್ಡ್‌ಗೆ ಕಳುಹಿಸಿದ್ದ ಪ್ರತಿಬೀಜಗಳನ್ನು 2015ರಲ್ಲಿ ತರಿಸಿ ಲೆಬನಾನ್ ಮತ್ತು ಮೊರಾಕ್ಕೊಗಳಲ್ಲಿ ಬೆಳೆಸಲಾಯಿತು. ಯುದ್ಧ ತಲುಪದ ಜಾಗದಲ್ಲಿ ಇದ್ದುದರಿಂದಲೇ ಆ ಬೀಜ ಉಳಿಯಿತು.

ಸರ್ಕಾರ ನಮ್ಮ ದಾಖಲೆಗಳ ಪ್ರತಿಗಳು ಯಾವ ಊರಿನಲ್ಲಿ, ಯಾವ ನದಿಯ ಜಲಾನಯನದಲ್ಲಿ, ಯಾವ ವಿದ್ಯುತ್ ಮಾರ್ಗದಲ್ಲಿವೆ ಎಂಬುದನ್ನು ಪ್ರಕಟಿಸಲಿ. ವರ್ಷಕ್ಕೊಮ್ಮೆ ಮೂಲವನ್ನು ನಿಲ್ಲಿಸಿ, ಪ್ರತಿಯಿಂದಲೇ ಕೆಲಸ ನಡೆಸಿ ತೋರಿಸಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಆಡಳಿತ ನಮಗೆ ಬೇಡ.