ಹೆಂಚು ತಟ್ಟಿ ನೋಡುವ ಕಂಪ್ಯೂಟರ್

ಬೈಂದೂರಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬರೆದು ಕೇಳಿದ್ದಾಳೆ: ‘ಕೆಲವು ಸಾಫ್ಟ್‌ವೇರನ್ನು ಸ್ವಯಂಸೇವಕರೇ ಸೇರಿ ಮಾಡ್ತಾರಂತೆ. ನನಗೆ ಪ್ರೋಗ್ರಾಮಿಂಗ್ ಸ್ವಲ್ಪವೇ ಗೊತ್ತು. ನಾನೂ ಏನಾದ್ರೂ ಮಾಡ್ಲಕ್ಕಾ?’

ಖಂಡಿತ ಮಾಡ್ಲಕ್ಕ್! ಹೇಗೆಂದು ಹೇಳುತ್ತೇನೆ.

ಕುಂದಾಪುರದ ಕಡೆ ಹೆಂಚಿನ ಕಾರ್ಖಾನೆ ನೋಡಿದವರಿಗೆ ಇದು ಗೊತ್ತು. ಸುಟ್ಟ ಹೆಂಚನ್ನು ಬೆರಳಿನಿಂದ ತಟ್ಟಿದರೆ ‘ಠಣ್’ ಎನ್ನಬೇಕು. ಒಡಕು ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆ ಎಂದರ್ಥ. ಮಾಡಿಗೆ ಹೊದೆಸುವ ಮೊದಲೇ ಅದನ್ನು ಬದಿಗಿಡಬೇಕು; ಇಲ್ಲವಾದರೆ ಆಟಿ ಮಳೆಗೆ ಮನೆಯೊಳಗೇ ಸೋರುತ್ತದೆ.

ಸಾಫ್ಟ್‌ವೇರಿಗೂ ಇಂಥ ತಟ್ಟುವಿಕೆ ಬೇಕು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ‘ಡೆಬಿಯನ್’ ಇದಕ್ಕೆ ಒಳ್ಳೆಯ ಉದಾಹರಣೆ. ಡೆಬ್ರಾ ಮತ್ತು ಇಯಾನ್ ಎಂಬ ಎರಡು ಹೆಸರು ಸೇರಿ ಡೆಬಿಯನ್ ಆಯಿತು. ಇದರಲ್ಲಿ 60,000ಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಅವನ್ನು ಕಟ್ಟುವವರು ಲೋಕದ ನಾನಾ ಕಡೆಯ ಸ್ವಯಂಸೇವಕರು. 2023ರಲ್ಲಿ ಅವರ ಸಮ್ಮೇಳನ ನಮ್ಮ ಪಕ್ಕದ ಕೊಚ್ಚಿಯಲ್ಲೇ ನಡೆಯಿತು.

ಇದರ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರು. ಹೊಸ ಪ್ಯಾಕೇಜು ಮೊದಲು ಹೋಗುವುದು ‘ಸಿಡ್’ಗೆ. ಸಿಡ್ ಯಾರು? ಆಟಿಕೆ ಮುರಿಯುವ ಹುಡುಗ! ಅಲ್ಲಿ ‘ಆಟೋಪಿಕೆಜಿಟೆಸ್ಟ್’ ಎಂಬ ವ್ಯವಸ್ಥೆ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಿ, ಅದರ ಜೊತೆಗಿರುವ ಪರೀಕ್ಷೆಗಳನ್ನು ತಾನೇ ನಡೆಸುತ್ತದೆ. ಮೊದಲು ಪಾಸಾಗುತ್ತಿದ್ದ ಪರೀಕ್ಷೆ ಈಗ ಫೇಲಾದರೆ ಪ್ಯಾಕೇಜು ಮುಂದಕ್ಕೆ ಹೋಗುವುದಿಲ್ಲ.

ಆದರೆ ಆ ಪರೀಕ್ಷೆಯನ್ನು ಯಾರಾದರೂ ಮನುಷ್ಯರೇ ಬರೆದಿಡಬೇಕು. ಹೊಸಬರಿಗೆ ಹೇಳಿ ಮಾಡಿಸಿದ ಕೆಲಸ ಇದೇ. ‘ಏನಾದರೂ ಮಾಡು’ ಎಂದರೆ ಹೊಸಬರು ಗಾಬರಿಯಾಗಿ ಹೊರಟುಹೋಗುತ್ತಾರೆ. ಆದ್ದರಿಂದ ಹಳಬರು ಕೆಲಸವನ್ನು ಸಣ್ಣ ತುಂಡು ಮಾಡಿ, ನಾಲ್ಕು ಮಾತು ಬರೆದಿಡಬೇಕು: ಯಾವುದನ್ನು ಇನ್‌ಸ್ಟಾಲ್ ಮಾಡಬೇಕು, ಏನು ಟೈಪ್ ಮಾಡಬೇಕು, ಏನು ಉತ್ತರ ಬರಬೇಕು, ಸಿಕ್ಕಿಬಿದ್ದರೆ ಯಾರನ್ನು ಕೇಳಬೇಕು. ತಮಗೆ ಐದು ನಿಮಿಷದ ಕೆಲಸವೆಂದು ತಾವೇ ಮಾಡಿ ಮುಗಿಸದೆ, ಹೊಸಬರಿಗಾಗಿ ಬಿಡಬೇಕು. ಡೆಬಿಯನ್ನಿನಲ್ಲಿ ಅಂಥ ಕೆಲಸಗಳಿಗೆ ‘ನ್ಯೂಕಮರ್’ ಎಂಬ ಗುರುತೇ ಇದೆ.

ಒಂದು ಉದಾಹರಣೆ. ಡೆಬಿಯನ್ನಿನಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳಿವೆ. ಗುಬ್ಬಿಯನ್ನು ಇನ್‌ಸ್ಟಾಲ್ ಮಾಡಿ, ‘ಎಫ್‌ಸಿ-ಲಿಸ್ಟ್’ ಎಂಬ ಆಜ್ಞೆ ಕೊಟ್ಟು, ಪಟ್ಟಿಯಲ್ಲಿ ಅದರ ಹೆಸರಿದೆಯೇ ನೋಡಿ. ಇದ್ದರೆ ಪಾಸ್, ಇಲ್ಲದಿದ್ದರೆ ಫೇಲ್. ಎರಡು ಮೂರು ಸಾಲಿನಲ್ಲಿ ಪರೀಕ್ಷೆ ಸಿದ್ಧ!

ಹೆಸರಿದ್ದ ಮಾತ್ರಕ್ಕೆ ಅಕ್ಷರ ಸರಿ ಮೂಡುತ್ತದೆಯೇ? ‘ಸೂರ್ಯ’ದ ಅರ್ಕಾವತ್ತು, ‘ಕ್ಷೇತ್ರ’ದ ಒತ್ತು ಸ್ಥಳ ತಪ್ಪಿದರೆ ಕನ್ನಡ ಬಾರದ ಸ್ವಯಂಸೇವಕನಿಗೆ, ಅವನೆಷ್ಟೇ ಜಾಣನಾಗಿರಲಿ, ತಿಳಿಯುವುದಿಲ್ಲ. ಬ್ರಹ್ಮಾವರದ ಮೂರನೇ ತರಗತಿಯ ಮಗು ಥಟ್ಟನೆ ಹಿಡಿಯುತ್ತದೆ. ಸರಿಯಾದ ರೂಪ ಯಾವುದೆಂದು ನಾವು ಒಮ್ಮೆ ತೋರಿಸಿಕೊಟ್ಟರೆ, ಅದು ಬದಲಾದಾಗಲೆಲ್ಲ ಯಂತ್ರ ಕೂಗಿ ಹೇಳಬಲ್ಲದು. ನಾವು ತೋರಿಸದಿದ್ದರೆ ನಮ್ಮ ಅಕ್ಷರ ಕೆಟ್ಟದ್ದು ಯಾರಿಗೂ ಗೊತ್ತಾಗುವುದೇ ಇಲ್ಲ.

ಈ ರಜೆಯಲ್ಲಿ ಅಪ್ಪ, ಅಮ್ಮ ಅಥವಾ ಕಂಪ್ಯೂಟರ್ ಬಲ್ಲ ಅಕ್ಕ, ಅಣ್ಣನ ಜೊತೆ ಕುಳಿತು ಒಂದು ಪರೀಕ್ಷೆ ಬರೆದು ನೋಡಿ. ಫೇಲ್ ಎಂದು ಬಂದರೆ ಬೇಸರ ಬೇಡ ಮಕ್ಕಳೇ, ಬಿರುಕಿನ ಹೆಂಚು ಸಿಕ್ಕಿದ್ದೇ ಲಾಭ.