ಕೇಕು ಹಿಡಿದು ಗೇಟಿನಿಂದ ಬಂದವರು

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಕ್ರೈಸ್ತ ಮಕ್ಕಳ ಗೃಹಗಳ ಮನವಿಪತ್ರಗಳು ಚರ್ಚಿನ ನೋಟಿಸ್ ಬೋರ್ಡಿಗೂ ದಾನಿಗಳ ವಾಟ್ಸ್ಆ್ಯಪ್‌ಗೂ ಬಂದು ಬೀಳುತ್ತವೆ. ಅಕ್ಕಿ, ಹೊದಿಕೆ, ಶಾಲೆ ಫೀಸಿನ ಸಾಲಿನಲ್ಲಿ ಈಗ ಭದ್ರತೆಯೂ ಬಂದು ಕೂತಿದೆ. ಕಾಂಪೌಂಡಿಗೆ ಇನ್ನೆರಡು ವರಸೆ ಕಲ್ಲು, ಮೇಲೆ ಮುಳ್ಳುತಂತಿ, ನಾಲ್ಕು ಮೂಲೆಗೆ ಸಿಸಿಟಿವಿ, ಗೇಟಿಗೊಬ್ಬ ವಾಚ್‌ಮನ್. ದುಡ್ಡು ಕೊಡಲಾಗದವರು ಸ್ವಯಂಸೇವಕರಾಗಿ ಬನ್ನಿ, ಶನಿವಾರ ಭಾನುವಾರ ಮಕ್ಕಳ ಜತೆ ಕಳೆಯಿರಿ ಎಂಬ ಸಾಲು ಕೊನೆಯಲ್ಲಿ. ಒಳ್ಳೆಯ ಮನಸ್ಸಿನವರೇ ಬರೆದ ಪತ್ರ, ಅನುಮಾನವಿಲ್ಲ. ಆದರೆ ಒಂದೇ ಹಾಳೆಯಲ್ಲಿ ಗೋಡೆ ಎತ್ತರಿಸಿ, ಅದೇ ಹಾಳೆಯಲ್ಲಿ ಗೇಟು ಹಾರುಹೊಡೆದಿಟ್ಟರೆ ಅದನ್ನು ಭದ್ರತೆ ಎಂದು ಕರೆಯಲು ನಾವು ಸಿದ್ಧರಿಲ್ಲ.

ನೈರೋಬಿಯಲ್ಲಿ ಉಪೆಂಡೊ ಎಂಬ ಮಕ್ಕಳ ಗೃಹವಿದೆ. ಸ್ವಾಹಿಲಿಯಲ್ಲಿ ಆ ಪದಕ್ಕೆ ಪ್ರೀತಿ ಎಂದರ್ಥ. ಅಮೆರಿಕದ ಓಕ್ಲಹೋಮಾದ ತರುಣನೊಬ್ಬ 2012 ಮತ್ತು 2014ರ ನಡುವೆ ಹಲವು ಸಲ ಸ್ವಯಂಸೇವಕನಾಗಿ ಅಲ್ಲಿಗೆ ಹೋದ. ಮೊದಲೆಲ್ಲ ಆತಿಥೇಯರ ಮನೆಯಲ್ಲಿ ಉಳಿದುಕೊಳ್ಳುತ್ತಿದ್ದವನು ಕೊನೆಯ ಸಲ ಗೃಹದೊಳಗೇ ಹೆಚ್ಚುವರಿ ಮಂಚವೊಂದಿದೆಯಲ್ಲ, ಅಲ್ಲೇ ಮಲಗುತ್ತೇನೆ ಎಂದು ಕೇಳಿದ. ಕೊಟ್ಟರು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ 2015ರಲ್ಲಿ ಅಮೆರಿಕದ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದಿತು. ಮರುವರ್ಷ 40 ವರ್ಷ ಜೈಲು ವಿಧಿಸಿತು. ಅವನು ಗೋಡೆ ಹಾರಿ ಬರಲಿಲ್ಲ. ಬ್ಯಾಗು ಹೊತ್ತು, ನಗುನಗುತ್ತಾ ಗೇಟಿನಿಂದಲೇ ಬಂದ. ಸಂಶಯಪಟ್ಟು ಕಣ್ಣಿಟ್ಟವಳು ಅಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು.

ಎರಡನೆಯ ಪ್ರಸಂಗ ಹೈಟಿಯದು. 2020ರ ಫೆಬ್ರುವರಿ 13ರ ರಾತ್ರಿ ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ಆಚೆಯ ಮಕ್ಕಳ ಗೃಹವೊಂದಕ್ಕೆ ಬೆಂಕಿ ಬಿದ್ದು 15 ಮಕ್ಕಳು ಸತ್ತರು. ನಡೆಸುತ್ತಿದ್ದದ್ದು ಪೆನ್ಸಿಲ್ವೇನಿಯಾದ ‘ಚರ್ಚ್ ಆಫ್ ಬೈಬಲ್ ಅಂಡರ್‌ಸ್ಟ್ಯಾಂಡಿಂಗ್’. ಸರ್ಕಾರದ ಮಾನ್ಯತೆ ವರ್ಷಗಳ ಹಿಂದೆಯೇ ಹೋಗಿತ್ತು. ಜನರೇಟರ್, ಇನ್ವರ್ಟರ್ ಸರಿಯಿರಲಿಲ್ಲವೆಂದು ಮೇಣದಬತ್ತಿ ಹಚ್ಚಿಟ್ಟಿದ್ದರು. ಈ ಸಂಘಟನೆಯೇನು ಬಡಪಾಯಿಯಲ್ಲ. ಹಳೆಯ ಕಟ್ಟಡಗಳಿಂದ ಬಿಚ್ಚಿ ತಂದ ದುಬಾರಿ ಸಾಮಾನು ಮಾರುವ ಮಳಿಗೆ ನ್ಯೂಯಾರ್ಕಿನಲ್ಲಿ ಅದಕ್ಕಿತ್ತು. ಅಲ್ಲಿ ದೀಪಗುಚ್ಛ ಮಾರಾಟ, ಇಲ್ಲಿ ಮಕ್ಕಳಿಗೆ ಮೇಣದಬತ್ತಿ.

ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆ, ಸರ್ಕಾರದ ಅನುದಾನ ಪಡೆಯಲಿ ಬಿಡಲಿ, ನೋಂದಣಿಯಾಗಲೇಬೇಕು. ಮಹಾಬಲಿಪುರದ ಅನಾಥಾಶ್ರಮಗಳ ಸುದ್ದಿಯಿಂದ 2007ರಲ್ಲಿ ಶುರುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟು, ಆ ವರ್ಷದ ಕೊನೆಯೊಳಗೆ ಎಲ್ಲ ಗೃಹಗಳ ನೋಂದಣಿ ಮುಗಿಸಿ ಎಂದಿತ್ತು. 2020ರ ಪೋಕ್ಸೊ ನಿಯಮಗಳು ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿ ಸಿಬ್ಬಂದಿಯ, ಗುತ್ತಿಗೆಯವರೂ ಸೇರಿ, ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು ಎನ್ನುತ್ತವೆ. ಇಲ್ಲೊಂದು ಬಿರುಕಿದೆ. ನಿಯಮದ ಮಾತು ಸಂಸ್ಥೆಯ ಉದ್ಯೋಗಿಗಳ ಬಗ್ಗೆ. ಸಂಬಳವಿಲ್ಲದೆ ಬರುವ ಸ್ವಯಂಸೇವಕ ಆ ಪದದ ಸಂದಿಯಲ್ಲಿ ನುಸುಳಿ ಒಳಗೆ ಬರಬಲ್ಲ. ಅಡುಗೆಯವಳ ಆಧಾರ್ ಪ್ರತಿ ಠಾಣೆಗೆ ಹೋಗುತ್ತದೆ. ಬೆಂಗಳೂರಿನ ಐಟಿ ಕಂಪನಿಯಿಂದ ಗಿಟಾರ್ ಹಿಡಿದು ಬರುವ ‘ಬ್ರದರ್’ದು ಹೋಗುವುದಿಲ್ಲ. ಕೇಳಿದರೆ ಬೇಜಾರು ಮಾಡಿಕೊಂಡಾರು ಎಂಬ ಸಂಕೋಚ!

ಗೃಹವೊಂದರ ಸಂದರ್ಶಕರ ಪುಸ್ತಕವನ್ನು ನಾವು ತಿರುವಿ ನೋಡಿದ್ದೇವೆ. ಉದ್ದನೆಯ ಲೆಡ್ಜರ್, ದಾರ ಕಟ್ಟಿದ ಪೆನ್ನು. ಹೆಸರು, ಊರು, ಚರ್ಚು, ಫೋನ್ ನಂಬರು, ಒಳಬಂದ ಹೊತ್ತು, ಹೊರಹೋದ ಹೊತ್ತು ಎಂದು ಸ್ಕೇಲಿಟ್ಟು ಗೆರೆ ಎಳೆದ ಕಾಲಂಗಳು. ಒಂದು ಭಾನುವಾರದ ಸಾಲಿನಲ್ಲಿ ‘ಬ್ರದರ್ ಮತ್ತು ಸ್ನೇಹಿತರು, ಬರ್ತ್‌ಡೇ’ ಎಂದಷ್ಟೇ ಇತ್ತು. ಎಷ್ಟು ಜನ ಸ್ನೇಹಿತರು, ಯಾರು, ಇಲ್ಲ. ಹೊರಹೋದ ಹೊತ್ತಿನ ಕಾಲಂ ಆ ಪುಟದಲ್ಲಿ ಮೇಲಿಂದ ಕೆಳಗಿನವರೆಗೆ ಖಾಲಿ. ಅದೇ ಪುಟದ ಎದುರಿಗೆ ಗೋಡೆಯ ಮೇಲೆ ಹೊಸ ಕ್ಯಾಮೆರಾದ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಅದರ ಮುಖ ರಸ್ತೆಯ ಕಡೆಗೆ.

ದೂರು ಪೆಟ್ಟಿಗೆಯ ಕಥೆಯೂ ಇದೇ. ಕೇಂದ್ರದ 2016ರ ಮಾದರಿ ನಿಯಮಗಳ ಪ್ರಕಾರ ಅದು ಕಚೇರಿಯಿಂದ ದೂರ, ಮಕ್ಕಳು ಮಲಗುವ ಕೋಣೆಗಳ ಹತ್ತಿರ ಇರಬೇಕು. ವಾರಕ್ಕೊಮ್ಮೆ ಮಕ್ಕಳ ಸಮಿತಿಯವರ ಎದುರಿಗೇ ತೆರೆಯಬೇಕು. ಬೀಗದ ಕೈ ವಾರ್ಡನ್ ಬಳಿ ಇರಕೂಡದು. ನಾವು ಕಂಡ ಪೆಟ್ಟಿಗೆ ಆಫೀಸಿನ ಬಾಗಿಲ ಪಕ್ಕದಲ್ಲಿತ್ತು. ಬೀಗದ ಕೈ ಅದೇ ಆಫೀಸಿನ ಮೊಳೆಯಲ್ಲಿ ನೇತಾಡುತ್ತಿತ್ತು. ಯಾರ ಮೇಲೆ ದೂರು ಹೇಳಬೇಕೋ ಅವರ ಕಣ್ಣೆದುರಿಗೇ ಚೀಟಿ ಹಾಕಿ ಬರುವಷ್ಟು ಧೈರ್ಯ ಹತ್ತು ವರ್ಷದ ಹುಡುಗಿಗೆ ಎಲ್ಲಿಂದ ಬರಬೇಕು?

ದಾನಿಗಳನ್ನೂ ಬಿಡುವಂತಿಲ್ಲ. ಗೋಡೆಗೆ ಹಣ ಬೇಗ ಹುಟ್ಟುತ್ತದೆ, ಏಕೆಂದರೆ ಗೋಡೆಯ ಮೇಲೆ ಅಮೃತಶಿಲೆಯ ಫಲಕ ಕೂರುತ್ತದೆ: ಇಂಥವರ ಸ್ಮರಣಾರ್ಥ, ಇಂಥವರ ಮಕ್ಕಳಿಂದ. ರಾತ್ರಿ ಪಾಳಿಯ ಆಯಾಳ ಸಂಬಳದ ಮೇಲೆ ಫಲಕ ಕೂರುವುದಿಲ್ಲ. ಅದೇ ಮಾದರಿ ನಿಯಮಗಳು 100 ಮಕ್ಕಳ ಗೃಹಕ್ಕೆ ನಾಲ್ವರು ಗೃಹಪಾಲಕರು, ಇಬ್ಬರು ಆಪ್ತಸಮಾಲೋಚಕರು ಎಂದು ಹೇಳುತ್ತವೆ. ಆ ನಾಲ್ವರನ್ನು ಪಾಳಿಗೆ ಹಂಚಿದರೆ ರಾತ್ರಿಗೆ ಉಳಿಯುವವರು ಎಷ್ಟು ಎಂದು ಬೆರಳಲ್ಲೇ ಎಣಿಸಬಹುದು. ಆ ಒಬ್ಬಿಬ್ಬರಿಗೂ ಮೂರು ತಿಂಗಳ ಸಂಬಳ ಬಾಕಿ ಇಟ್ಟು ಕ್ಯಾಮೆರಾ ಕೊಳ್ಳುವ ಆಡಳಿತ ಮಂಡಳಿಗೆ ಭದ್ರತೆಯ ಹೆಸರಿನಲ್ಲಿ ಇನ್ನೊಂದು ರೂಪಾಯಿ ಎತ್ತುವ ಅಧಿಕಾರವಿಲ್ಲ. ಎಲ್ಲ ಬಿಟ್ಟು ಒಂದು ಕೆಲಸ ಮಾಡುವ ದಾನಿಯಾದರೆ, ರಾತ್ರಿ ಎದ್ದು ಅಳುವ ಮಗುವಿನ ಹತ್ತಿರ ಹೋಗಿ ಕೂರುವವಳಿಗೆ ಸಂಬಳ ಕೊಡಲಿ. ನೈರೋಬಿಯಲ್ಲಿ ಕಣ್ಣು ತೆರೆದದ್ದು ಅಂಥವಳೇ.

ಸ್ವಯಂಸೇವಕರ ವಿಷಯದಲ್ಲಿ ನಮ್ಮ ಮಾತು ಇನ್ನೂ ಕಟುವಾಗಿರುತ್ತದೆ. ಅವರಿಂದ ಆಗುವ ಕೆಲಸ ಬೇಕಾದಷ್ಟಿದೆ. ಲೆಕ್ಕಪತ್ರ ಬರೆಯಲಿ, ವೈರಿಂಗ್ ನೋಡಲಿ, ಅಗ್ನಿಶಾಮಕ ಸಿಲಿಂಡರಿನ ತಾರೀಕು ಪರೀಕ್ಷಿಸಲಿ, ಕಿಟಕಿಗೆ ಹೊರಗಿನಿಂದ ಹಾಕಿದ ಕಬ್ಬಿಣದ ಸರಳು ಬೆಂಕಿ ಬಿದ್ದ ರಾತ್ರಿ ಬಿಚ್ಚುತ್ತದೆಯೇ ಎಂದು ನೋಡಲಿ. ಪಾಠ ಹೇಳುವುದಾದರೆ ಬಾಗಿಲು ತೆರೆದ ಕೋಣೆಯಲ್ಲಿ, ಸಿಬ್ಬಂದಿಯೊಬ್ಬರು ಜತೆಗಿದ್ದು. ಮಕ್ಕಳ ಜತೆ ಸೆಲ್ಫಿ ಬೇಡ, ಒಬ್ಬೊಬ್ಬರನ್ನೇ ‘ಔಟಿಂಗ್’ ಕರೆದೊಯ್ಯುವುದು ಬೇಡ, ರಾತ್ರಿ ತಂಗುವುದಂತೂ ಬೇಡವೇ ಬೇಡ. ಪೊಲೀಸ್ ಪರಿಶೀಲನೆ ಆಗುವವರೆಗೆ ಕಾಯಲಾಗದಷ್ಟು ಅವಸರದಲ್ಲಿರುವ ಸೇವಾಮನೋಭಾವವನ್ನು ಗೇಟಿನಿಂದಲೇ ತಿರುಗಿಸಿ ಕಳಿಸಿ. ಪ್ರತಿ ತಿಂಗಳೂ ಹೊಸ ಅಕ್ಕ, ಹೊಸ ಅಣ್ಣ ಬಂದು ಮುದ್ದಿಸಿ ಮಾಯವಾಗುವುದು ಮಗುವಿಗೆ ಒಂದು ಪಾಠ ಕಲಿಸುತ್ತದೆ: ಗುರುತಿಲ್ಲದವರ ತೊಡೆಯೇರುವುದು ಸಹಜ ಎಂದು. ಕೆಟ್ಟವನಿಗೆ ಇದಕ್ಕಿಂತ ಹದವಾದ ನೆಲ ಬೇಕಿಲ್ಲ.

ತಪಾಸಣೆ ಎಂದ ಕೂಡಲೇ ಚರ್ಚಿನ ವಲಯದಲ್ಲಿ ಒಂದು ಆತಂಕ ಏಳುತ್ತದೆ. ಅದು ಬರೀ ಕಲ್ಪನೆಯಲ್ಲ. 2018ರಲ್ಲಿ ರಾಂಚಿಯ ಮಿಷನರೀಸ್ ಆಫ್ ಚಾರಿಟಿಯ ಒಂದು ಗೃಹದಲ್ಲಿ ಮಗು ಮಾರಾಟದ ಆರೋಪ ಬಂದಾಗ ಕೇಂದ್ರ ಸರ್ಕಾರ ಆ ಸಂಸ್ಥೆಯ ದೇಶದ ಎಲ್ಲ ಗೃಹಗಳನ್ನು ತಪಾಸಣೆ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಅದೇ ವರ್ಷ ದೌರ್ಜನ್ಯ ಬಯಲಾದ ಬಿಹಾರದ ಮುಜಫ್ಫರ್‌ಪುರದ ಬಾಲಿಕಾ ಗೃಹಕ್ಕೂ ಚರ್ಚಿಗೂ ಯಾವ ಸಂಬಂಧವೂ ಇರಲಿಲ್ಲ. ಆ ಪ್ರಕರಣದಲ್ಲಿ 2020ರಲ್ಲಿ 19 ಜನ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಅಂದರೆ ಈ ರೋಗಕ್ಕೆ ಮತವಿಲ್ಲ, ತಪಾಸಣೆಗೂ ಇರಕೂಡದು. ಇಷ್ಟು ಒಪ್ಪಿಕೊಂಡ ಮೇಲೂ, ಕಿರುಕುಳದ ಭಯವನ್ನು ಮುಂದಿಟ್ಟು ನೋಂದಣಿ ನವೀಕರಿಸದ, ಮಕ್ಕಳ ಕಲ್ಯಾಣ ಸಮಿತಿಗೆ ಕಡತ ತೋರಿಸದ ಗೃಹವನ್ನು ಸಮರ್ಥಿಸಲು ನಮ್ಮಿಂದಾಗದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಕಟ್ಟಿದ ಶಾಲೆ, ಅನಾಥಾಲಯಗಳಿಂದ ಈ ಸಮುದಾಯ ಗಳಿಸಿದ ವಿಶ್ವಾಸ ದೊಡ್ಡದು. ಅದನ್ನು ಒಂದು ಬೀಗ ಹಾಕಿದ ಬೀರು ಕಳೆದುಬಿಡಬಲ್ಲದು.

ಇನ್ನೊಂದು ಮಾತನ್ನು ಗೃಹ ನಡೆಸುವವರು ಕೇಳಲಾರರು, ಆದರೂ ಹೇಳುತ್ತೇವೆ. ಹೈಟಿಯ ಗೃಹಗಳಲ್ಲಿದ್ದ ಮಕ್ಕಳಲ್ಲಿ ಸುಮಾರು ಶೇ 80ರಷ್ಟು ಮಂದಿಗೆ ಬದುಕಿರುವ ತಾಯಿಯೋ ತಂದೆಯೋ ಇದ್ದಾರೆಂದು ಅಲ್ಲಿ ಕೆಲಸ ಮಾಡಿದ ಮಕ್ಕಳ ಸಂಸ್ಥೆಗಳು ಹೇಳಿವೆ. ನಮ್ಮಲ್ಲೂ ಬಡತನವೊಂದೇ ಕಾರಣಕ್ಕೆ ಮಗುವನ್ನು ತಂದು ಬಿಟ್ಟ ತಾಯಂದಿರು ಬೇಕಾದಷ್ಟು ಜನ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಅಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುವ ದಾರಿಯಿದೆ. ಆ ಅರ್ಜಿ ತುಂಬಿಸಿ, ಸಹಿ ಹಾಕಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹತ್ತು ಸಲ ಅಲೆಯುವ ಸ್ವಯಂಸೇವಕನನ್ನು ನಾವು ಸ್ವಾಗತಿಸುತ್ತೇವೆ. ಅವನಿಗೆ ಕೇಕು ತರುವ ಅಗತ್ಯವಿಲ್ಲ.

ಈ ಡಿಸೆಂಬರಿನಲ್ಲಿ ಮನವಿಪತ್ರ ಕೈಗೆ ಬಂದಾಗ ದಾನಿಗಳು ಚೆಕ್ ಪುಸ್ತಕ ತೆರೆಯುವ ಮುಂಚೆ ನಾಲ್ಕು ಕಾಗದ ಕೇಳಲಿ: ನೋಂದಣಿ ಪತ್ರ, ಸಿಬ್ಬಂದಿಯ ಮತ್ತು ಸ್ವಯಂಸೇವಕರ ಪೊಲೀಸ್ ಪರಿಶೀಲನೆಯ ಪ್ರತಿ, ಕಳೆದ ಆರು ತಿಂಗಳ ಸಂಬಳದ ಪಟ್ಟಿ, ಸಂದರ್ಶಕರ ಪುಸ್ತಕ. ಕೊನೆಯದರಲ್ಲಿ ಹೊರಹೋದ ಹೊತ್ತಿನ ಕಾಲಂ ಖಾಲಿಯಿದ್ದರೆ ಚೆಕ್ಕನ್ನು ಜೇಬಿಗೆ ಹಾಕಿಕೊಂಡು ವಾಪಸು ಬರಲಿ.